ಗುರಿಮಣಿಯ ಬೆಸುಗೆ

ಆ ಬೆಳಿಗ್ಗೆ ಪಾಲಹಳ್ಳಿಯಲ್ಲಿ ಮಳೆಯೂ ಇರಲಿಲ್ಲ, ಬಿಸಿಲೂ ಇರಲಿಲ್ಲ. ಹಿಂದಿನ ದಿನವೆಲ್ಲ ಜಿನುಗಿದ ಕಾರ್ತೀಕದ ಸೋನೆ ಕೋಳಿ ಕೂಗುವ ಹೊತ್ತಿಗೆ ನಿಂತು, ಕಾವೇರಿಯ ಕಡೆಯಿಂದ ಎದ್ದ ಮಂಜು ಕಬ್ಬಿನ ಗದ್ದೆಗಳನ್ನು ದಾಟಿ ಊರೊಳಕ್ಕೆ ಬಂದು ಕೂತಿತ್ತು. ಹೆಂಚಿನ ತುದಿಯಿಂದ ಹನಿ ತೊಟ್ಟಿಕ್ಕುತ್ತಿತ್ತು. ಒಲೆಗಳ ಹೊಗೆ ಮೇಲೇಳಲಾರದೆ ಬೀದಿಯಲ್ಲೇ ತೆವಳುತ್ತಿತ್ತು. ಅಕ್ಕಸಾಲಿ ಕಾಳಾಚಾರಿ ಜಗುಲಿಯ ಮೇಲೆ ಅಗ್ಗಿಷ್ಟಿಕೆಯ ಮುಂದೆ ಕೂತು, ಥಂಡಿ ಹೀರಿಕೊಂಡ ಇದ್ದಿಲನ್ನು ಊದಿ ಊದಿ ಬೇಸತ್ತಿದ್ದ.

“ಕಾಳಣ್ಣೋ, ಬೆಂಕಿ ಹತ್ಸಿದ್ದೀಯೋ, ಬರೀ ಕಣ್ಣೀರ್ ಸುರುಸ್ತಿದ್ದೀಯೋ?”

ಮಂಜಿನೊಳಗಿಂದ ಮೊದಲು ಮಾತು ಬಂತು, ಆಮೇಲೆ ಮಂಚಯ್ಯ ಬಂದ. ತೋಳಿನಲ್ಲಿ ಗೋಣಿತಾಟಿನಲ್ಲಿ ಸುತ್ತಿದ್ದ ಉದ್ದನೆಯ ಗಂಟು.

“ಬಾರ್ಲಾ ಮಂಚ. ಏನದು, ಬಾಣಂತಿ ಮನೆಯಿಂದ ಮಗೀನ ಎತ್ಕಂಡ್ ಬಂದಂಗೆ ಬತ್ತಾ ಇದ್ದೀಯ?”

“ಮಗೀಗಿಂತ ಎಚ್ಚು ಕಣಣ್ಣ. ಮಗ ಅತ್ರೆ ಅವರವ್ವ ನೋಡ್ಕತಾಳೆ. ಇದುಕ್ ಏನಾರ ಆದ್ರೆ ನನ್ ಕಬ್ಬು ಯಾರ್ ನೋಡ್ಕತಾರೆ?”

ಗೋಣಿತಾಟು ಬಿಚ್ಚಿದರೆ ಒಳಗೆ ಕೋವಿ. ಮಂಚಯ್ಯನ ಅಜ್ಜನ ಕಾಲದ್ದು. ನಳಿಗೆಯ ಬಾಯಿಂದಲೇ ಮದ್ದು ಸುರಿದು, ಚರೆ ಹಾಕಿ, ಗಜದಿಂದ ಗಿಡಿದು ಹಾರಿಸುವ ಜಾತಿಯದು. ನಾಲೆಯ ನೀರು ಬಂದು ಊರಿನಲ್ಲಿ ಕಬ್ಬು ಹೆಚ್ಚಿದ ಮೇಲೆ ಕಾಡುಹಂದಿಯೂ ಹೆಚ್ಚಿ, ಆ ಕೋವಿಗೆ ಮತ್ತೆ ಕೆಲಸ ಬಂದಿತ್ತು. ನಳಿಗೆಯ ತುದಿಯಲ್ಲಿ, ಗುರಿ ಹಿಡಿಯುವಾಗ ಕಣ್ಣಿಗೆ ಸಿಗಬೇಕಾದ ಸಣ್ಣ ಮಣಿ ಇರಬೇಕಿದ್ದ ಜಾಗದಲ್ಲಿ ಈಗ ಬರಿಯ ಕಪ್ಪು ಕಲೆ ಇತ್ತು.

“ಏರಿ ಮ್ಯಾಲೆ ಜಾರ್ಬುಟ್ಟೆ. ಮಣಿ ಕಿತ್ಕಂಡು ಕೆಸರಿಗೆ ಓಯ್ತು. ಕುಲುಮೆ ಕೆಂಪಣ್ಣನ ಕೇಳ್ದೆ. ತವರದಲ್ಲಿ ಕೂರುಸ್ತೀನಿ ಅಂತಾನೆ. ಓದ್ ಸಲಾನೂ ಅವನೇ ತವರ ಆಕಿದ್ದ, ನಿಂತ್ಕತ್ತಾ? ಗಟ್ಟಿ ಬೆಸುಗೆ ಆಕ್ಲಾ ಅಂದ್ರೆ, ಹಳೇ ನಳಿಗೆ, ಕಬ್ಬಿಣ ಮಡಿಸಿ ಸೇರ್ಸಿರೋದು, ಜಾಸ್ತಿ ಕಾವ್ ಕೊಡಬಾರ್ದು ಅಂತಾನೆ.”

ಕಾಳಾಚಾರಿ ನಕ್ಕ. “ನೇಗಿಲ ಕುಳ ಬಡಿಯೋ ಕೈಗೆ ಬೆಸುಗೆ ಎಲ್ಲಿಂದ ಬಂದಾತು? ಕೂದಲಷ್ಟು ಸಣ್ಣ ಸರದ ಕೊಂಡೀನೇ ಬೆಸೀತೀನಿ ನಾನು. ನಾನ್ ಕೂರಿಸಿದ್ ಮಣಿ ನೀನ್ ಸತ್ರೂ ಅಲ್ಲೇ ಇರ್ತದೆ, ಕೂತ್ಕ.”

ಮಾತು ಬಾಯಿಂದ ಬೀಳುವಾಗ ಅದರ ತೂಕ ಯಾರಿಗೆ ತಾನೇ ಗೊತ್ತಾಗುತ್ತದೆ? ಮಂಚಯ್ಯನೂ ನಕ್ಕು, ಕಂಬಕ್ಕೆ ಒರಗಿ ಕೂತ. ಇಬ್ಬರೂ ಒಂದೇ ಮಡುವಿನಲ್ಲಿ ಈಜು ಕಲಿತವರು. ಕಾಳಾಚಾರಿ ನಾಲ್ಕೈದು ವರ್ಷಕ್ಕೆ ದೊಡ್ಡವನು. ಅದಕ್ಕೇ ಅವನು ಅಣ್ಣ, ಇವನು ‘ಲಾ’.

ಕಾಳಾಚಾರಿ ನಳಿಗೆಯೊಳಗೆ ಗಜ ಇಳಿಸಿ ಮದ್ದಿಲ್ಲವೆಂದು ನೋಡಿದ. ಹಿತ್ತಾಳೆಯ ತುಂಡೊಂದನ್ನು ಅರದಿಂದ ಉಜ್ಜಿ ಗೋಧಿಕಾಳಿನಂತೆ ಮಾಡಿದ. ಹಿಂದಿನ ತುದಿಯಿಂದ ಬಾಯಿಯವರೆಗೆ ನೂಲು ಎಳೆದು ನಟ್ಟನಡು ಗುರುತಿಸಿ, ಮಣಿಯನ್ನು ಅಲ್ಲಿಟ್ಟು ಸಣ್ಣ ತಂತಿಯಿಂದ ಬಿಗಿದ. ಬಿಳಿಗಾರ ತೇದು ಬಳಿದು, ಬೆಳ್ಳಿ ಬೆರೆಸಿದ ಬೆಸುಗೆಯ ಚೂರುಗಳನ್ನು ಚಿಮುಟದಿಂದ ಒಂದೊಂದಾಗಿ ಜೋಡಿಸಿದ. ಕೆಲಸವೆಲ್ಲ ದೇವರ ತಲೆಗೆ ಹೂವಿಟ್ಟಷ್ಟು ಅಚ್ಚುಕಟ್ಟು. ಆದರೆ ಬೆಂಕಿ ಹಟ ಹಿಡಿದಿತ್ತು. ಥಂಡಿ ಇದ್ದಿಲು ಕಾವು ಕೊಡದು, ದಪ್ಪ ನಳಿಗೆ ಬಂದ ಕಾವನ್ನೆಲ್ಲ ಕುಡಿದುಬಿಡುವುದು. ಅವನು ಇದ್ದಿಲ ಮೇಲೆ ಇದ್ದಿಲು ಸುರಿದ. ಊದುಗೊಳವೆಯನ್ನು ಕಚ್ಚಿ ಕೆನ್ನೆ ನೋಯುವಂತೆ ಊದಿದ. ಬಳೆಯಾಗಿದ್ದರೆ ಇಷ್ಟು ಹೊತ್ತಿಗೆ ನಿಲ್ಲಿಸುತ್ತಿದ್ದ. ಎದುರಿಗೆ ಮಂಚಯ್ಯ ಕೂತಿದ್ದ, ಕೆಂಪಣ್ಣನ ಹೆಸರು ಗಾಳಿಯಲ್ಲಿತ್ತು. ಇದ್ದಕ್ಕಿದ್ದಂತೆ ಇದ್ದಿಲು ಒಟ್ಟಿಗೇ ಹೊತ್ತಿಕೊಂಡು, ನಳಿಗೆಯ ಬಾಯಿ ದಾಸವಾಳದಷ್ಟು ಕೆಂಪಗಾಯಿತು. ಬೆಸುಗೆ ಕರಗಿ ಫಳಕ್ಕನೆ ಓಡಿತು.

“ಓಡ್ತು!” ಎಂದ ಮಂಚಯ್ಯ.

ಆರಿದ ಮೇಲೆ ತಂತಿ ಬಿಚ್ಚಿ ಅರ ಆಡಿಸುವಾಗ ಕಾಳಾಚಾರಿ ಅದನ್ನು ಕಂಡ. ಮಣಿಯ ಬುಡದಿಂದ ಹಿಂದಕ್ಕೆ, ನಳಿಗೆಯ ಉದ್ದಕ್ಕೆ, ಎಳೆಗೂದಲಿನಂಥ ಒಂದು ಗೆರೆ. ಉಗುರು ಆಡಿಸಿದ, ಉಗುರಿಗೆ ಸಿಕ್ಕಿತು.

ಆಗ ಅವನು ತಲೆ ಎತ್ತಬೇಕಿತ್ತು. ಮಂಚ, ಇದು ಕೆಟ್ಟಿತು ಕಣ್ಲಾ, ಕೆಂಪಣ್ಣನಿಗೆ ತೋರಿಸೋಣ ನಡಿ ಅನ್ನಬೇಕಿತ್ತು. ಅಷ್ಟೇ. ಆದರೆ ಅವನು ತಲೆ ಎತ್ತಲಿಲ್ಲ. ಹಳೆಯ ಕಬ್ಬಿಣದ ಕಿಟ್ಟ ಇರಬೇಕು ಅಂದುಕೊಂಡ. ಅಂದುಕೊಳ್ಳುತ್ತಲೇ ಬೆಸುಗೆಯ ಇನ್ನೊಂದು ಚೂರನ್ನು ಗೆರೆಯ ಮೇಲಿಟ್ಟು ಕಾಸಿ, ತುಂಬಿಸಿ, ಉಜ್ಜಿ, ಎಣ್ಣೆಮಸಿ ಸವರಿದ. ಗೆರೆ ಹೋಯಿತು. ಕಣ್ಣಿನ ಮಟ್ಟಿಗೆ ಹೋಯಿತು.

ಮಂಚಯ್ಯ ಕೋವಿಯನ್ನು ಎತ್ತಿ ಹೆಗಲಿಗಿಟ್ಟು ಮಂಜಿನ ಕಡೆ ಗುರಿ ಹಿಡಿದ. “ಆಹಾ, ಅವ್ವನ ಮೂಗುತಿ ಒಳದಂಗೆ ಒಳೀತದೆ ಕಣಣ್ಣ!”

“ಮದ್ದು ವಸಿ ಕಮ್ಮಿ ಆಕು ಕಣ್ಲಾ,” ಎಂದ ಕಾಳಾಚಾರಿ, ಅವನ ಮುಖ ನೋಡದೆ.

“ಯಾಕೆ?”

“ಹಳೇದಲ್ವಾ. ಅದುಕ್ಕೆ.”

“ಹಂದಿಗೆ ಯೋಳ್ತೀನಿ ಬುಡು, ವಸಿ ಅತ್ರಕ್ಕೇ ಬಾ ಅಂತ,” ಎಂದು ನಗುತ್ತ ಮಂಚಯ್ಯ ಮಂಜಿನೊಳಗೆ ನಡೆದುಹೋದ.

ಮುಂದೆ ಹಲವು ದಿನ ಏನೂ ಆಗಲಿಲ್ಲ. ಕೋವಿ ಹಾರಿದ ಸದ್ದು ದೂರದಿಂದ ಕೇಳಿದಾಗಲೆಲ್ಲ ಕಾಳಾಚಾರಿಯ ಕೈಯ ಚಿಮುಟ ಒಂದು ಕ್ಷಣ ನಿಲ್ಲುತ್ತಿತ್ತು. ಆಮೇಲೆ ಮಂಚಯ್ಯ ಬೀದಿಯಲ್ಲಿ ಹೋಗುವುದು ಕಂಡರೆ ಸಮಾಧಾನ. ದಿನ ಕಳೆದಂತೆ ಆ ಗೆರೆ ನಿಜವಾಗಿಯೂ ಕಿಟ್ಟವೇ ಆಗಿತ್ತೆಂದು ಅವನ ಮನಸ್ಸು ನಂಬತೊಡಗಿತು. ಮನುಷ್ಯನ ಮನಸ್ಸೂ ಅಕ್ಕಸಾಲಿಯೇ. ತನ್ನ ಬಿರುಕನ್ನು ತಾನೇ ತುಂಬಿ ಉಜ್ಜಿಕೊಳ್ಳುತ್ತದೆ.

ಕೋವಿ ಒಂದು ಮುಂಜಾನೆ ಒಡೆಯಿತು. ಹಂದಿಗಳು ಕಬ್ಬಿಗೆ ಬಿದ್ದಿದ್ದವು. ಮಂಚಯ್ಯ ಕವೆಗೋಲು ನೆಟ್ಟು, ನಳಿಗೆಯ ತುದಿಯನ್ನು ಕವೆಯ ಜೊತೆಗೇ ಎಡಗೈಯಲ್ಲಿ ಬಿಗಿಹಿಡಿದು ಹಾರಿಸಿದ. ನಳಿಗೆ ಬಾಯಿಂದ ಹಿಂದಕ್ಕೆ ಬಾಳೆಯ ದಿಂಡಿನಂತೆ ಸೀಳಿತು. ಶ್ರೀರಂಗಪಟ್ಟಣದ ಆಸ್ಪತ್ರೆಯಲ್ಲಿ ಗಾಯ ಕಟ್ಟಿದರು. ಜೀವ ಉಳಿಯಿತು, ಎಡಗೈಯ ಎರಡು ಬೆರಳು ಉಳಿಯಲಿಲ್ಲ. ಒಡೆದ ಕೋವಿಯನ್ನು ಅವನ ಕಡೆಯವರು ತಾಲ್ಲೂಕು ಕಚೇರಿಗೆ ಒಪ್ಪಿಸಿ ಲೈಸೆನ್ಸು ಬಿಟ್ಟುಕೊಟ್ಟರು. ಕೆಂಪಣ್ಣನೂ ಅದನ್ನು ನೋಡಲಿಲ್ಲ, ಯಾರೂ ನೋಡಲಿಲ್ಲ.

ಕಾಳಾಚಾರಿ ನೋಡಲು ಹೋದಾಗ ಮಂಚಯ್ಯ ನಡುಮನೆಯಲ್ಲಿ ಮಲಗಿದ್ದ. ಕೈ ಬಟ್ಟೆಯ ಉಂಡೆಯಾಗಿತ್ತು. ಹೇಳಿಬಿಡಬೇಕೆಂದೇ ಕಾಳಾಚಾರಿ ಹೊಸಿಲು ದಾಟಿದ್ದ. ಬಾಯಿ ತೆರೆಯುವ ಮೊದಲೇ ಮಂಚಯ್ಯ ಅಂದ:

“ನೀನ್ ಯೋಳಿದ್ದೆ ಕಣಣ್ಣ, ಮದ್ದು ಕಮ್ಮಿ ಆಕು ಅಂತ. ನಾನೇ ಕೇಳ್ನಿಲ್ಲ. ನಿನ್ ಮಾತು ಮೀರ್ದೆ.”

“ಅದಲ್ಲ ಕಣ್ಲಾ ಮಂಚ…”

“ಮದ್ದೂ ಅಲ್ಲ, ಗಿದ್ದೂ ಅಲ್ಲ,” ಎಂದಳು ಗೋಡೆಗೊರಗಿ ಕೂತಿದ್ದ ಮಾರಮ್ಮ. ಅವಳು ಮಂಚಯ್ಯನ ದೊಡ್ಡವ್ವ, ಆ ಮನೆತನಕ್ಕೇ ಹಿರಿಯಳು. “ಶುಕ್ರವಾರ ನೆತ್ತರು ಬೀಳಿಸ್ಬಾರ್ದು ಅಂತ ನಮ್ಮೋರ್ಗೆ ಕಟ್ಟು. ಗಂಜಾಂ ನಿಮಿಷಾಂಬವ್ವನ ಒಕ್ಕಲು ನಾವು. ಇವ್ನು ಶುಕ್ರವಾರದ ದಿನ ಕೋವಿ ಎತ್ದ.”

“ಒತ್ತು ಮೂಡಿರ್ನಿಲ್ಲ ದೊಡ್ಡವ್ವ. ಒತ್ತು ಮೂಡೋಗಂಟ ಗುರುವಾರಾನೇ ಅಂದ್ಕಂಡೆ.”

“ಕೋಳಿ ಕೂಗಿತ್ತಲ್ಲ! ಕೋಳಿಗ್ ಗೊತ್ತಾದ್ದು ನಿನಗ್ ಗೊತ್ತಾಗ್ನಿಲ್ವಾ? ಅವ್ವನ ಅತ್ರ ಲಾಯರಿಕೆ ಮಾಡ್ತೀಯಾ? ತಪ್ಪುಕಾಣಿಕೆ ಒಪ್ಪಿಸೋಗಂಟ ನೀನು ದೇವ್ರ ದೀಪ ಮುಟ್ಟಂಗಿಲ್ಲ.”

ಮಂಚಯ್ಯ ಗೋಡೆಯ ಕಡೆ ಮುಖ ತಿರುಗಿಸಿದ. ಆ ಮನೆಯಲ್ಲಿ ಶುಕ್ರವಾರದ ದೀಪ ಹಚ್ಚುವುದು ಅವನ ಪಾಲಿನ ಸೇವೆ, ಅಪ್ಪನಿಂದ ಬಂದದ್ದು. ಬೆರಳು ಹೋದಾಗ ಅಳದಿದ್ದವನ ಹೆಗಲು ಈಗ ಅಲ್ಲಾಡುತ್ತಿತ್ತು.

ಕಾಳಾಚಾರಿ ಹೇಳಬೇಕೆಂದಿದ್ದ ಮಾತನ್ನು ನುಂಗಿಕೊಂಡು ಹೊರಬಂದ. ಅರಳಿಕಟ್ಟೆಯ ಹತ್ತಿರ ಯಾರೋ, “ಆಚಾರಿ ಮುಂಚೇನೇ ಯೋಳಿದ್ನಂತೆ ಕಣ್ರೋ, ಇವ್ನೇ ಕೇಳ್ನಿಲ್ವಂತೆ,” ಅನ್ನುತ್ತಿದ್ದರು. ಅವನನ್ನು ಕಂಡು ಗೌರವದಿಂದ ಸರಿದು ದಾರಿ ಬಿಟ್ಟರು. ಆ ಗೌರವ ಅವನ ಬೆನ್ನ ಮೇಲೆ ಚೇಳಿನಂತೆ ಹರಿಯಿತು.

ಗಾಯ ಮಾಗಿದ ಮೇಲೆ ಒಂದು ಮಧ್ಯಾಹ್ನ ಮಂಚಯ್ಯ, ಅವನ ಹೆಂಡತಿ ಮಾಯಮ್ಮ ಇಬ್ಬರೂ ಅಕ್ಕಸಾಲಿಯ ಜಗುಲಿಗೆ ಬಂದರು. ಮಾಯಮ್ಮ ಸೆರಗಿನ ಗಂಟು ಬಿಚ್ಚಿ ಬೆಳ್ಳಿಯ ಕಾಲ್ಕಡಗದ ಜೊತೆಯನ್ನು ಅವನ ಮುಂದಿಟ್ಟಳು. ತವರಿನವರು ಹಾಕಿ ಕಳಿಸಿದ್ದು. ಬಂದ ದಿನದಿಂದ ಕಳಚದೇ ಇದ್ದುದರಿಂದ ಅವಳ ಕಾಲಿನಲ್ಲಿ ಕಡಗದ ಗುರುತು ಬಿಳಿಯ ಬಳೆಯಾಗಿ ಉಳಿದಿತ್ತು.

“ಇದುನ್ನ ಕರಗ್ಸಿ ಒಂದು ಕೈ ಮಾಡ್ಕೊಡಣ್ಣ,” ಎಂದ ಮಂಚಯ್ಯ. “ಅವ್ವನಿಗೆ ತಪ್ಪುಕಾಣಿಕೆ. ಬರೋ ಶುಕ್ರವಾರ ಗಂಜಾಮಿಗೆ ಓಗಿ ಒಪ್ಪಿಸ್ಬುಡ್ತೀನಿ. ಬೇರೆ ಅಕ್ಕಸಾಲೀರ ಅತ್ರ ಓಗಕ್ ಮನಸು ಬರ್ನಿಲ್ಲ. ನನ್ ತಪ್ಪು ನಿನಗ್ ಗೊತ್ತಿರೋದು.”

“ಇದ್ಯಾಕವ್ವ? ತಗಡಿನಷ್ಟು ಬೆಳ್ಳಿ ಸಾಕು,” ಎಂದ ಕಾಳಾಚಾರಿ ಹೇಗೋ.

“ಅವ್ವನ ಅತ್ರ ಕೊಸರಾಡ್ತಾರಾ ಅಣ್ಣ?” ಎಂದಳು ಮಾಯಮ್ಮ. “ಬರೀ ಕಾಲಲ್ಲಿ ಓಡಾಡಿದ್ರೆ ಏನು, ಸದ್ದಿಲ್ದೆ ಬಂದು ಇವ್ರು ಬೀಡಿ ಸೇದೋದ್ನ ಇಡೀಬೋದು.”

ಮಂಚಯ್ಯ ನಕ್ಕ. ಅವಳೂ ನಕ್ಕಳು. ಆದರೆ ಎದ್ದು ಹೋಗುವಾಗ ಅವಳು ಒಮ್ಮೆ ತಿರುಗಿ ಕಡಗಗಳನ್ನು ನೋಡಿದ್ದನ್ನು ಕಾಳಾಚಾರಿ ಕಂಡ.

ಮರುದಿನ ಅವನು ಅಗ್ಗಿಷ್ಟಿಕೆ ಹೊತ್ತಿಸಿದ, ಮೂಸೆ ಇಟ್ಟ, ಕಡಗವನ್ನು ಚಿಮುಟದಲ್ಲಿ ಎತ್ತಿದ, ಕೆಳಗಿಟ್ಟ. ಅದರ ಮರುದಿನವೂ ಅಷ್ಟೇ. ಗುರುವಾರ ಹತ್ತಿರ ಬಂದರೂ ಮೂಸೆ ಬರಿದಾಗಿಯೇ ಕಾಯುತ್ತಿತ್ತು. ಹೆಂಡತಿ ಗೌರಮ್ಮ ರಾಗಿ ಕೇರುವುದನ್ನು ಬಿಟ್ಟು ಬಂದು ಕಂಬಕ್ಕೆ ಒರಗಿದಳು.

“ಯಾರಾದ್ರೂ ಮಾಟ ಮಾಡ್ಸವ್ರಾ ನಿಮಗೆ? ಇದ್ದಿಲು ಸುಟ್ಟು ಬೂದಿ ಮಾಡ್ತಾ ಇದ್ದೀರಲ್ಲ.”

ಅವನು ಹೇಳಿದ. ಆ ಗೆರೆ ಉಗುರಿಗೆ ಸಿಕ್ಕಿದ್ದನ್ನು, ಅದರ ಮೇಲೆ ಮಸಿ ಸವರಿದ್ದನ್ನು, ಎಲ್ಲವನ್ನೂ ತಲೆ ಬಗ್ಗಿಸಿಕೊಂಡೇ ಹೇಳಿದ. ಗೌರಮ್ಮ ಅವನ ಎದುರಿಗೆ ಕೂತಳು.

“ಕೆಂಪಣ್ಣ ಬೇಡ ಅಂದಿದ್ನಾ?”

“ಅಂದಿದ್ದ.”

“ಈಗ ಯೋಳಿದ್ರೆ ನಿಮ್ಮ ಕೈಗೆ ಯಾರೂ ಒಂದು ಮೂಗುಬೊಟ್ಟೂ ಕೊಡಕಿಲ್ಲ.”

“ಗೊತ್ತು ಕಣೆ.”

“ಯೋಳ್ದಿದ್ರೆ ಯಾರಿಗೂ ಗೊತ್ತಾಗಕಿಲ್ಲ.”

“ಅದೂ ಗೊತ್ತು.”

ಅವಳು ಕಡಗಗಳನ್ನು ಕೈಗೆತ್ತಿಕೊಂಡು, ಸೆರಗಿನಿಂದ ಒರೆಸಿ, ಮತ್ತೆ ಅವನ ಮುಂದಿಟ್ಟಳು. “ಮಾಯಿ ಕಾಲಿಂದು ತಕ್ಕಂಡು, ಮಂಚಯ್ಯನ ಕೈ ಮಾಡಿ, ನಿಮ್ಮ ತಪ್ಪಿಗೆ ಒಪ್ಪಿಸಿದ್ರೆ, ಆ ತಾಯಿ ಯಾವ ಕೈಲಿ ಈಸ್ಕತಾಳೆ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ರಾಗಿಯ ಹತ್ತಿರ ಹೋದಳು. ಮೊರದ ಸದ್ದು ಮತ್ತೆ ಶುರುವಾಯಿತು.

ಕಾಳಾಚಾರಿ ಸ್ವಲ್ಪ ಹೊತ್ತು ಬೆಂಕಿಯನ್ನು ನೋಡಿದ. ಆಮೇಲೆ ಪಂಚೆಯ ಒಳಗೆ ಕೈಹಾಕಿ, ಸೊಂಟದ ಬೆಳ್ಳಿಯ ಉಡಿದಾರವನ್ನು ಬಿಚ್ಚಿ ಮೂಸೆಗೆ ಹಾಕಿದ. ಮದುವೆಯಲ್ಲಿ ಅಪ್ಪ ತನ್ನ ಕೈಯಾರೆ ಹೆಣೆದು ಕಟ್ಟಿದ್ದು. ಕರಗುವಾಗ ಅದು ಒಮ್ಮೆ ಮಿಸುಕಾಡಿ, ಸುಮ್ಮನಾಗಿ, ಕನ್ನಡಿಯಾಯಿತು. ಈ ಬಾರಿ ಅವನು ಅವಸರಪಡಲಿಲ್ಲ.

ಶುಕ್ರವಾರ ಗಂಜಾಮಿನ ಮೆಟ್ಟಿಲ ಮೇಲೆ ಬಿಸಿಲು ಎಳೆಯದಾಗಿತ್ತು. ಕಾವೇರಿ ತುಂಬಿಯೂ ಇರಲಿಲ್ಲ, ಸೊರಗಿಯೂ ಇರಲಿಲ್ಲ. ತನ್ನ ಪಾಡಿಗೆ ತಾನು ಹರಿಯುತ್ತಿತ್ತು. ಮಂಚಯ್ಯನೂ ಮಾಯಮ್ಮನೂ ನದಿಯಲ್ಲಿ ಮಿಂದು ಒದ್ದೆಬಟ್ಟೆಯಲ್ಲಿ ಬಂದರು. ಕಾಳಾಚಾರಿ ವೀಳ್ಯದೆಲೆಯ ಮೇಲೆ ಬೆಳ್ಳಿಯ ಕೈಯನ್ನು ಇಟ್ಟು ತೋರಿಸಿದ. ಅಂಗೈಯ ರೇಖೆಗಳನ್ನೂ ಕೊರೆದಿದ್ದ.

“ಜೀವ ಬಂದಂಗದೆ ಕಣಣ್ಣ,” ಎಂದ ಮಂಚಯ್ಯ.

ಮಾಯಮ್ಮ ಬಾಗಿ ನೋಡಿದಳು. ತನ್ನ ಅಂಗೈಯನ್ನು ಅದರ ಪಕ್ಕ ಹಿಡಿದು ಹೋಲಿಸಿದಳು. “ಅಣ್ಣ, ಇದು ಬಲಗೈ ಅಲ್ವಾ? ಇವ್ರಿಗೆ ಪೆಟ್ಟಾಗಿದ್ದು ಎಡಗೈಗೆ. ಮರ್ತ್ಬುಟ್ಟಾ?”

“ಮರೀನಿಲ್ಲ ಕಣವ್ವ. ಇದು ಅವ್ನ ಕೈಯಲ್ಲ, ನನ್ ಕೈ.”

ಇಬ್ಬರೂ ಅವನ ಮುಖ ನೋಡಿದರು. ಅವನು ಮೆಟ್ಟಿಲ ಮೇಲೆ ಕೂತುಬಿಟ್ಟ.

“ಮಂಚ, ಮದ್ದು ಎಚ್ಚಾಗಿ ಒಡೀನಿಲ್ಲ ಕಣ್ಲಾ ಅದು. ನಾನು ಕಾವು ಜಾಸ್ತಿ ಕೊಟ್ಟೆ. ನಳಿಗೆ ಬಿರುಕ್ ಬುಡ್ತು. ಮಣಿ ಬುಡದಲ್ಲಿ, ಇಷ್ಟುದ್ದ. ನಾನು ಅದರ ಮ್ಯಾಲೆ ಬೆಸುಗೆ ಸವರಿ ಮುಚ್ಬುಟ್ಟೆ.”

“ನೋಡಿದ್ಯಾ ಅದುನ್ನ? ಕೊಡಕ್ ಮುಂಚೆ?”

“ನೋಡ್ದೆ.”

“ಮದ್ದು ಕಮ್ಮಿ ಆಕು ಅಂದಿದ್ದು?”

“ಅದುಕ್ಕೇ. ಪೂರ್ತಿ ಯೋಳಕ್ಕೆ ಬಾಯಿ ಬರ್ನಿಲ್ಲ. ಕೆಂಪಣ್ಣ ನಗ್ತಾನೆ ಅಂತ.”

ಮಂಚಯ್ಯ ಮೆಟ್ಟಿಲಿಳಿದು ನೀರಿನ ಅಂಚಿನವರೆಗೂ ಹೋಗಿ, ಬೆನ್ನು ತಿರುಗಿಸಿ ನಿಂತ. ಒಬ್ಬ ಹೆಂಗಸು ಹಿತ್ತಾಳೆ ಚೊಂಬಿನಲ್ಲಿ ನೀರು ತುಂಬಿಕೊಂಡು ಅವನ ಪಕ್ಕದಿಂದ ಹತ್ತಿ ಹೋದಳು. ಮಾಯಮ್ಮ ಕಾಳಾಚಾರಿಯನ್ನು ನೋಡಲೂ ಇಲ್ಲ, ಅವನಿಂದ ದೂರ ಸರಿಯಲೂ ಇಲ್ಲ. ತನ್ನ ಬರಿಗಾಲನ್ನು ಸೀರೆಯ ಅಂಚಿನೊಳಗೆ ಎಳೆದುಕೊಂಡಳು.

ಮಂಚಯ್ಯ ತಿರುಗಿ ಬಂದಾಗ ಅವನ ಕಣ್ಣು ಒದ್ದೆಯಾಗಿತ್ತು. ಆದರೆ ಮುಖದಲ್ಲಿದ್ದದ್ದು ಕಾಳಾಚಾರಿ ಕಾದಿದ್ದ ಕೋಪವಾಗಿರಲಿಲ್ಲ.

“ಅಂಗಾದ್ರೆ,” ಎಂದ ಅವನು, “ಅಂಗಾದ್ರೆ ಅವ್ವ ನನ್ ಮ್ಯಾಲೆ ಮುನಿಸ್ಕಂಡಿರ್ನಿಲ್ವಾ?”

“ಇಲ್ಲ ಕಣಪ್ಪ.”

“ಇಷ್ಟ್ ದಿನ… ರಾತ್ರೆಯೆಲ್ಲ ಅವ್ಳುನ್ನ ಕೇಳ್ತಿದ್ದೆ ಕಣಣ್ಣ. ಏನವ್ವ, ಅಪ್ಪನ ಕಾಲ್ದಿಂದ ದೀಪ ಹಚ್ಚಿದ್ದೀನಲ್ಲ, ಒಂದು ಕೋಳಿ ಕೂಗಿಗೆ ಕೈ ಕಿತ್ಕಂಡ್ಯಾ ಅಂತ. ಅವ್ಳುನ್ನೇ ಬಯ್ದೆ. ನೀನ್ ಬಯ್ಸ್ಕಬೇಕಾದ್ದುನ್ನ ಅವ್ಳು ಬಯ್ಸ್ಕಂಡ್ಳು.”

ಕಾಳಾಚಾರಿಗೆ ಬೆರಳು ಕಳೆದ ಮಾತಿಗಿಂತ ಈ ಮಾತು ಆಳಕ್ಕೆ ಇಳಿಯಿತು. ಸ್ನೇಹಿತನ ಕೈಯನ್ನಷ್ಟೇ ಅಲ್ಲ, ಅವನ ದೇವರನ್ನೂ ತಾನು ಇಷ್ಟು ದಿನ ಕಿತ್ತಿಟ್ಟುಕೊಂಡಿದ್ದೆ ಎಂಬುದು ಅವನಿಗೆ ಹೊಳೆದಿರಲಿಲ್ಲ.

“ಮಾರವ್ವನ ಮುಂದೆ ನಾನೇ ಬಂದು ಯೋಳ್ತೀನಿ. ಕೆಂಪಣ್ಣನ ಕುಲುಮೇಲೂ ಯೋಳ್ತೀನಿ,” ಎಂದ.

“ಯೋಳು. ಇವತ್ತೇ ಯೋಳು. ಸಂಜೆ ದೀಪ ನಾನ್ ಹಚ್ಬೇಕು.” ಮಂಚಯ್ಯ ಎಡಗೈಯನ್ನು ಬಲಗೈಯೊಳಗೆ ಹಿಡಿದುಕೊಂಡ. “ಆಮ್ಯಾಕೆ ವಸಿ ದಿನ ನನ್ ಅಟ್ಟಿ ಕಡೆ ಬರಬ್ಯಾಡ ಕಣಣ್ಣ. ನಿನ್ ಮುಖ ನೋಡಿದ್ರೆ ಏನ್ ಅಂದ್ಬುಡ್ತೀನೋ, ನನಗೇ ಗೊತ್ತಿಲ್ಲ.”

“ಆಗ್ಲಪ್ಪ.”

“ಎಷ್ಟ್ ದಿನ ಅಂತ ಕೇಳ್ಬ್ಯಾಡ.”

“ಇಲ್ಲ, ಕೇಳಕಿಲ್ಲ.”

ಗುಡಿಯೊಳಗೆ ಅರ್ಚಕರು ತಟ್ಟೆ ಹಿಡಿದು, ಯಾರ ಹೆಸರಿನಲ್ಲಿ ಎಂದು ಕೇಳಿದರು. ಮಂಚಯ್ಯ ಒಂದು ಹೆಜ್ಜೆ ಹಿಂದೆ ಸರಿದ. ಕಾಳಾಚಾರಿ ಮುಂದೆ ಬಂದು ತನ್ನ ಹೆಸರು ಹೇಳಿ, ತಪ್ಪುಕಾಣಿಕೆ ಎಂದ. ಬೆಳ್ಳಿಯ ಕೈಯನ್ನು ತಟ್ಟೆಗೆ ಇಟ್ಟಾಗ ಅದು ಸದ್ದು ಮಾಡಿತು. ಆರತಿಯ ಬೆಳಕಿನಲ್ಲಿ ತಾಯಿಯ ಮುಖ ಎಂದಿನಂತೆಯೇ ಇತ್ತು. ಮಂಚಯ್ಯ ಬಲಗೈಯ ಜೊತೆಗೆ ಎಡಗೈಯನ್ನೂ ಆರತಿಯ ಮೇಲೆ ಚಾಚಿ, ಕಣ್ಣಿಗೊತ್ತಿಕೊಂಡು, ಬಹಳ ಹೊತ್ತು ಕೈ ತೆಗೆಯಲಿಲ್ಲ.

ಹೊರಗೆ ಬಂದ ಮೇಲೆ ಮಂಚಯ್ಯ ಯಾರಿಗೂ ಕಾಯದೆ ಮುಂದೆ ನಡೆದ. ಮಾಯಮ್ಮ ಅವನ ಹಿಂದೆ ಹೊರಟಳು. ಕಾಳಾಚಾರಿ ಅವಳನ್ನು ಕರೆಯಲಿಲ್ಲ; ಎರಡು ಹೆಜ್ಜೆ ಬೇಗ ಹಾಕಿ ಪಕ್ಕಕ್ಕೆ ಬಂದು, ಹೆಗಲ ಮೇಲಿನ ವಸ್ತ್ರದ ಗಂಟು ಬಿಚ್ಚಿ, ಬೆಂಕಿ ಸೋಕದ ಕಾಲ್ಕಡಗಗಳನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಮುಂದೆ ಚಾಚಿದ. ಮಾಯಮ್ಮ ನಿಂತು, ಸೆರಗು ಒಡ್ಡಿ ಇಸಿದುಕೊಂಡಳು.